ಹೊಸ ಗರಗಸದ ಬೋಣಿ

ಲೋಕೇಶನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹಾಗಂತ ಹೇಳುವುದನ್ನು ಬಿಟ್ಟವನೂ ಅಲ್ಲ. ಆ ದಿನ ಬಲಗೈ ಮಣಿಕಟ್ಟಿಗೆ ಮೆಡಿಕಲ್ ಸ್ಟೋರಿನ ಬ್ಯಾಂಡೇಜು ಸುತ್ತಿಕೊಂಡು, ಹಾಗಲಕಾಯಿ ಅಗಿದವನಂತೆ ಮುಖ ಮಾಡಿಕೊಂಡು ಷೆಡ್ಡಿಗೆ ಬಂದ.

"ಹುಸೇನಣ್ಣ, ಹಳೇ ಕಟಿಂಗ್ ಮಿಷಿನ್ನು ಹಿಡಿಯಕ್ಕೇ ಆಯ್ತಾ ಇಲ್ಲ ಕಣಣ್ಣ, ಕೈ ಸೆಳೀತದೆ. ಪಟ್ಟಿ ಮೇಲೆ ಓಡ್ತದಲ್ಲ, ಟ್ರ್ಯಾಕ್ ಸಾ ಅಂತಾರೆ, ಅದೊಂದು ತಕ್ಕಳಾನ."

ಹುಸೇನಣ್ಣ ಕನ್ನಡಕದ ಮೇಲಿನಿಂದ ಬ್ಯಾಂಡೇಜನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು. "ತಕ್ಕೊ. ನಂಗ್ಯಾಕೆ ಹೇಳ್ತೀಯ? ನಾನಿನ್ನೆಷ್ಟು ದಿನ ಇಲ್ಲಿ ಇರೋನು."

ಲೋಕೇಶನ ನಿದ್ದೆ ಕೆಡಿಸಿದ್ದು ಈ ಕೊನೆಯ ಮಾತೇ.

ಇವರಿಬ್ಬರೂ ಯಾರೆಂದು ಮೊದಲೇ ಹೇಳಿಬಿಡುವುದು ವಾಸಿ. ಚನ್ನಪಟ್ಟಣದ ಅಂಚಿನಲ್ಲಿ ಇವರದೊಂದು ತಗಡಿನ ಷೆಡ್ಡಿದೆ. ಅಲ್ಲಿ ವಾರ್ಡ್‌ರೋಬು, ಅಡುಗೆಮನೆಯ ಕಪಾಟು, ಬಾಗಿಲು ಎಂದು ಮಾಡುತ್ತಾರೆ. ರಾಮನಗರ, ಕನಕಪುರ, ಮಾಗಡಿ ಎಂದು ಹೋಗಿ ಜೋಡಿಸಿ ಬರುತ್ತಾರೆ. ಹುಸೇನಣ್ಣ ಬೊಂಬೆ ಕಡೆಯುವ ಮನೆತನದವರು. ಲೋಕೇಶ ದೊಡ್ಡಮಳೂರಿನ ಒಕ್ಕಲು ಮನೆಯವನು. ಹೊಲದಲ್ಲಿ ಇರಬೇಕಾದವನು ಮರದ ಹಿಂದೆ ಬಿದ್ದ ಅಂತ ಅವನಪ್ಪ ಮನೆಯಿಂದ ಆಚೆ ಹಾಕುವ ಮಟ್ಟಕ್ಕೆ ಬೈದಾಗ, ಈ ಹುಸೇನಣ್ಣನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಕೈಗೆ ಉಳಿ ಕೊಟ್ಟಿದ್ದು. ಆ ಲೋಕೇಶನ ಮೀಸೆಯೂ ಈಗ ಬೆಳ್ಳಗಾಗುತ್ತಿದೆ.

ಹುಸೇನಣ್ಣನ ಕೈಗುಣ ಊರಿಗೆಲ್ಲ ಗೊತ್ತು. ಹೊಸ ಮನೆಗೆ ಬಾಗಿಲು ನಿಲ್ಲಿಸುವ ಗಳಿಗೆಯನ್ನು ಅಯ್ನೋರು ನೋಡಿ ಹೇಳಲಿ, ಚೌಕಟ್ಟಿಗೆ ಮೊದಲ ಕೈ ಹಚ್ಚುವುದು ಮಾತ್ರ ಹುಸೇನ್ ಸಾಬ್ರೇ ಆಗಬೇಕು ಎಂದು ಎಷ್ಟೋ ಗೌಡರ ಮನೆಯವರು ಹೇಳಿಕಳಿಸುತ್ತಾರೆ. ಷೆಡ್ಡಿನಲ್ಲೂ ಅದೇ ಪದ್ಧತಿ. ಡ್ರಿಲ್ಲು ಬರಲಿ, ಮರ ನಯ ಮಾಡುವ ರಂದಾ ಮಿಷಿನ್ನು ಬರಲಿ, ಬೋಣಿ ಅವರ ಕೈಯಿಂದಲೇ. ಅವರು ಬಿಸ್ಮಿಲ್ಲಾ ಎಂದು ಮೊದಲ ಕೆಲಸ ಮಾಡಿ ಕೊಟ್ಟ ಮೇಲೆ ಲೋಕೇಶ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಹಚ್ಚುತ್ತಾನೆ. ಯಾವ ದೇವರಿಗೂ ಇದರಿಂದ ಬೇಜಾರಾದ ಸುದ್ದಿ ಇದುವರೆಗೆ ಬಂದಿಲ್ಲ.

ಅಂಥ ಕೈ ಕೆಲವು ತಿಂಗಳಿಂದ ನಡುಗುತ್ತಿತ್ತು. ಲೋಟ ಹಿಡಿದರೆ ಟೀ ತುಳುಕುತ್ತಿತ್ತು. ವಯಸ್ಸಾಯಿತು, ಅಷ್ಟೇ ಎಂದರು ಡಾಕ್ಟರು. ಅದನ್ನು ಹೇಳಲು ಡಾಕ್ಟರೇ ಬೇಕಿರಲಿಲ್ಲ. ಕನಕಪುರದ ಒಂದು ಮನೆಯಲ್ಲಿ ಹಳೇ ಮಿಷಿನ್ನನ್ನು ಕೈಯಲ್ಲಿ ಹಿಡಿದು ವಾರ್ಡ್‌ರೋಬಿನ ಬಾಗಿಲು ಕೊಯ್ಯುವಾಗ ಗೆರೆ ತಪ್ಪಿತು. ಅಂಚಿನ ಮೈಕಾ ಇಲಿ ಕಡಿದಂತೆ ಎದ್ದು ಬಂತು. ಮನೆಯವರು ಏನೂ ಅನ್ನಲಿಲ್ಲ. ಹುಸೇನಣ್ಣನೂ ಏನೂ ಅನ್ನದೆ ಬೇರೆ ಹಲಗೆ ತರಿಸಿ, ಲೋಕೇಶನ ಕೈಯಲ್ಲಿ ಕೊಯ್ಯಿಸಿ, ಬಾಗಿಲು ಕೂರಿಸಿದರು. ವಾಪಸು ಬರುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡು, "ಮುಂದಿನ ಮಾಗಡಿ ಮನೆ ಕೆಲಸಕ್ಕೆ ಬೇರೆ ಯಾರನ್ನಾರ ನೋಡ್ಕೊ ಕಣ್ಲಾ. ನಾನು ಮನೇಲಿರ್ತೀನಿ" ಎಂದರು.

ಕೆಲಸಕ್ಕೆ ಜನ ಸಿಗದೆ ಏನಿಲ್ಲ. ಆದರೆ ಷೆಡ್ಡಿನ ಬಾಗಿಲು ತೆಗೆದಾಗ ಬರುವ ಮರದ ಪುಡಿಯ ವಾಸನೆಯೂ ಹುಸೇನಣ್ಣನ ಅತ್ತರಿನ ವಾಸನೆಯೂ ಲೋಕೇಶನ ಪಾಲಿಗೆ ಒಂದೇ ಆಗಿಹೋಗಿದ್ದವು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮುದ್ದೆಗೆ ಸಾರು ಕಮ್ಮಿ ಆಯಿತೇನ್ಲಾ ಎಂದು ಕೇಳುವವರು ಯಾರು? ಹೆತ್ತ ಅಪ್ಪನಿಗಿಂತ ಒಂದು ಕೈ ಜಾಸ್ತಿಯೇ ಅವನು ಈ ಮನುಷ್ಯನನ್ನು ಹಚ್ಚಿಕೊಂಡಿದ್ದ. ಹೆಂಡತಿ ಭಾನುಪ್ರಿಯಳ ಮುಂದೆ ಅದನ್ನು ಹೇಳಿಯೂ ಇದ್ದ. ಹುಸೇನಣ್ಣನ ಮುಂದೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಹೀಗಿರುವಾಗ ಫೋನಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಹಲಗೆಯ ಮೇಲೆ ಉದ್ದಕ್ಕೆ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಅದರ ಮೇಲೆ ಗರಗಸ ಕೂರಿಸುತ್ತಾರೆ. ಬ್ಲೇಡು ಒಳಗೇ ಅಡಗಿರುತ್ತದೆ. ಹಿಡಿ ಒತ್ತಿದರೆ ಮಾತ್ರ ಮರಕ್ಕೆ ಇಳಿಯುತ್ತದೆ. ಆಮೇಲೆ ತಳ್ಳುತ್ತಾ ಹೋದರೆ ಸಾಕು, ಪಟ್ಟಿಯ ಜಾಡು ಬಿಟ್ಟು ಅತ್ತಿತ್ತ ಹೋಗುವುದಿಲ್ಲ. ಹಿಡಿದವನ ಕೈ ಅಲ್ಲಾಡಿದರೂ ಗೆರೆ ಅಲ್ಲಾಡುವುದಿಲ್ಲ. ಲೋಕೇಶ ಆ ವಿಡಿಯೋ ಮತ್ತೆ ಮತ್ತೆ ನೋಡಿದ. ನೋಡಿ, ಬ್ಯಾಂಡೇಜು ಕೊಂಡು ತಂದ. 'ನಿಮ್ಮ ಕೈ ನಡುಗ್ತದೆ, ಅದಕ್ಕೇ ಇದು' ಎಂದು ಹುಸೇನಣ್ಣನಿಗೆ ಹೇಳುವುದುಂಟೇ?

ಮಂಗಳವಾರ ಇಬ್ಬರೂ ರಾಮನಗರಕ್ಕೆ ಹೋದರು. ಬರಲೊಪ್ಪದ ಹುಸೇನಣ್ಣನನ್ನು, ನೀವಿಲ್ಲದಿದ್ದರೆ ನನಗೆ ಟೋಪಿ ಹಾಕ್ತಾರೆ ಎಂದು ಲೋಕೇಶ ಎಬ್ಬಿಸಿಕೊಂಡು ಹೋಗಿದ್ದ. ಸಾಮಾನಿನ ಅಂಗಡಿಯಲ್ಲಿ ಕೂತಿದ್ದವಳು ನಿಖಾತ್. ಅವಳ ತಂದೆಯ ಕಾಲದಿಂದಲೂ ಇವರಿಗೆ ಉಳಿ, ಬ್ಲೇಡು ಎಲ್ಲ ಅಲ್ಲೇ. ಈಗ ಅಂಗಡಿ ಪೂರ್ತಿ ಅವಳದೇ.

"ಜಾಸ್ತಿ ಏನು ಕೊಯ್ತೀರಿ ಅಣ್ಣ? ಅದು ಹೇಳಿ, ಆಮೇಲೆ ಮಿಷಿನ್ನು ತೋರಿಸ್ತೀನಿ" ಎಂದಳು.

"ಪ್ಲೈವುಡ್ಡು, ಮೈಕಾ ಹಚ್ಚಿದ ಬಾಗ್ಲು" ಎಂದ ಲೋಕೇಶ. "ಹೊಸ ಟೈಲ್ಸ್ ಹಾಕಿಸ್ದಾಗ ಬಾಗ್ಲು ನೆಲಕ್ಕೆ ತಾಗ್ತವಲ್ಲ, ಅದ್ರ ತಳ ಕೊಯ್ಯೋದು. ಅಡುಗೆಮನೆ ಹಲಗೆ ನಡೂವೆ ಸಿಂಕಿಗೆ ಜಾಗ ತೆಗೆಯೋದು."

ನಿಖಾತ್ ಮೂರು ಗರಗಸ ತಂದು ಮೇಜಿನ ಮೇಲಿಟ್ಟಳು. ಮೊದಲನೆಯದು ಬ್ಯಾಟರಿಯದು. ವೈರಿನ ಕಾಟವಿಲ್ಲ, ಕರೆಂಟು ಬಾರದ ಕಟ್ಟಡದಲ್ಲೂ ನಡೆಯುತ್ತದೆ.

"ಹುಸೇನಣ್ಣ, ಒಸಿ ಎತ್ತಿ ನೋಡಿ" ಎಂದ ಲೋಕೇಶ.

"ಕೈ ನೋವು ನಿಂದು, ಎತ್ತಿ ನೋಡೋನು ನಾನಾ?"

"ಅದಕ್ಕೇ ಅಣ್ಣ. ನನ್ನ ಕೈ ನೋಯ್ತದಲ್ಲ, ಗೊತ್ತಾಗಕಿಲ್ಲ."

ಹುಸೇನಣ್ಣ ಎತ್ತಿದರು. ಎರಡು ಬ್ಯಾಟರಿಯ ಭಾರ ಹಿಂದಕ್ಕೆ ಜಗ್ಗಿ ಮಣಿಕಟ್ಟು ವಾಲಿತು. ಲೋಕೇಶ ಆ ಗರಗಸವನ್ನು ಅಲ್ಲಿಗೇ ಮನಸ್ಸಿನಿಂದ ತೆಗೆದುಹಾಕಿದ. ಎರಡನೆಯದು ದೊಡ್ಡದು, ದಪ್ಪ ತೇಗವನ್ನೂ ಸೀಳುವಂಥದ್ದು. ಅದರ ಸ್ಪ್ರಿಂಗು ಬಲು ಬಿಗಿ. ಹುಸೇನಣ್ಣ ಒತ್ತಿದಾಗ ಬ್ಲೇಡು ಒಂದೇ ಸಲಕ್ಕೆ ಇಳಿಯದೆ ತಡೆದು ತಡೆದು ಇಳಿಯಿತು. ಲೋಕೇಶ ಅದನ್ನೂ ಬದಿಗೆ ಸರಿಸಿದ. ಮೂರನೆಯದು ಮಧ್ಯಮದ್ದು, ವೈರಿನದು. ಹಿಡಿ ಮೃದುವಾಗಿ ಇಳಿಯುತ್ತಿತ್ತು. ಗುಂಡಿ ಅದುಮಿದರೆ ಎಗರದೆ, ಜಗ್ಗದೆ, ನಿಧಾನಕ್ಕೆ ಸುತ್ತಲು ಶುರುಮಾಡಿ ಆಮೇಲೆ ವೇಗ ಹಿಡಿಯುತ್ತಿತ್ತು. ಮುಂದುಗಡೆ ಇನ್ನೊಂದು ಕೈಗೂ ಅಗಲವಾದ ಹಿಡಿ. ಹುಸೇನಣ್ಣನ ಎರಡೂ ಕೈ ಅದರ ಮೇಲೆ ಕೂತಾಗ ಹಸುವಿನ ಮೈದಡವುವಷ್ಟು ಸಲೀಸಾಗಿ ಕೂತವು.

"ಇದೇ ಇರ್ಲಿ" ಎಂದ ಲೋಕೇಶ.

"ಏ, ನಿಂಗಿನ್ನೂ ವಯಸ್ಸೈತೆ. ದೊಡ್ಡದು ತಕ್ಕೊ, ಮುಂದಕ್ಕಾಯ್ತದೆ" ಎಂದರು ಹುಸೇನಣ್ಣ.

"ದಪ್ಪ ಮರಕ್ಕೆ ಹಳೇದು ಇದ್ದೇ ಐತಲ್ಲಣ್ಣ. ನಂಗೆ ಇದೇ ಸರಿ."

ಪಟ್ಟಿಯ ವಿಷಯದಲ್ಲಿ ಮಾತ್ರ ಹುಸೇನಣ್ಣ ಬಗ್ಗಲಿಲ್ಲ. ತುಂಡು ಪಟ್ಟಿ ಎರಡು ತಗೊಂಡು ಜೋಡಿಸಿಕೊಳ್ಳಬಹುದು, ಬಸ್ಸಿನಲ್ಲಿ ಒಯ್ಯಲೂ ಸುಲಭ ಎಂದಳು ನಿಖಾತ್. "ಬೇಡ ಬೇಟಿ. ಜೋಡಿಸಿದ ಕಡೆ ಕೂದಲೆಳೆ ಸೊಟ್ಟ ಆದ್ರೂ ಬಾಗ್ಲೆಲ್ಲ ಸೊಟ್ಟ. ಇಡೀ ಹಲಗೆ ಉದ್ದಕ್ಕೂ ಒಂದೇ ಪಟ್ಟಿ ಕೊಡು" ಎಂದರು. ನಡುಗುವ ಕೈಯವರ ಮಾತಿನಂತೆ ಅದು ಇರಲಿಲ್ಲ. ಲೋಕೇಶನಿಗೆ ಒಳಗೊಳಗೇ ಖುಷಿಯಾಯಿತು.

ನಿಖಾತ್ ಆಮೇಲೆ ಗರಗಸದ ತಳ ತಿರುಗಿಸಿ, ಎರಡು ತಿರುಪು ಮುಟ್ಟಿ ಏನೋ ವಿವರಿಸಿದಳು. ಲೋಕೇಶ ಹೂಂ, ಹೂಂ ಎಂದು ತಲೆ ಆಡಿಸಿದ. ಅವನ ಕಣ್ಣೆಲ್ಲ ಮೇಜಿನ ಮೇಲಿದ್ದ ಹುಸೇನಣ್ಣನ ಕೈಯ ಕಡೆಗಿತ್ತು. ಅವಳು ಪಟ್ಟಿಯ ಅಂಚು ತೋರಿಸಿದಾಗ ಮಾತ್ರ ಕಿವಿ ಚುರುಕಾಯಿತು.

"ಈ ಕಪ್ಪು ರಬ್ಬರು ಬೇಕಂತಲೇ ಅಗಲ ಇಟ್ಟಿರ್ತಾರೆ ಚಾಚಾ. ಮೊದಲ ಸಲ ಓಡಿಸಿದಾಗ ಬ್ಲೇಡು ಈ ರಬ್ಬರನ್ನೇ ಕೊಯ್ದು ತನ್ನ ದಾರಿ ಮಾಡ್ಕೊಳ್ತದೆ. ಆಮೇಲೆ ರಬ್ಬರಿನ ಅಂಚೇ ನಿಮ್ಮ ಗೆರೆ. ಮೈಕಾನೂ ಏಳಲ್ಲ. ಆ ಮೊದಲನೇ ಸಲ ಮಾತ್ರ ನಿಲ್ಲಿಸದೆ, ಒಂದೇ ಸಮ ಹೋಗಬೇಕು."

ಲೋಕೇಶ ತಲೆ ಆಡಿಸುವುದು ಅಲ್ಲಿಗೇ ನಿಂತಿತು. ಮೊದಲನೇ ಸಲ ಎಂದರೆ ಬೋಣಿ. ಬೋಣಿ ಎಂದರೆ ಹುಸೇನಣ್ಣ.

ಅವನು ಹೊರಗೆ ಬಂದು ಪಟ್ಟಿಗೆ ಗೋಣಿತಟ್ಟು ಸುತ್ತುವಾಗ ಹುಸೇನಣ್ಣ ಒಳಗೇ ಉಳಿದು ನಿಖಾತ್ ಜೊತೆ ಏನೋ ಮಾತಾಡಿದರು. ಬರುವಾಗ ಕೈಯಲ್ಲೊಂದು ಕಾಗದದ ಪೊಟ್ಟಣವಿತ್ತು. ಏನೆಂದು ಕೇಳಿದರೆ, "ಮೊಳೆ ಕಣ್ಲಾ, ಮನೆಗೆ" ಎಂದು ಜೇಬಿಗಿಳಿಸಿದರು.

ಆ ಉದ್ದದ ಪಟ್ಟಿಯನ್ನು ಬಸ್ಸಿಗೆ ಹತ್ತಿಸಿದ್ದೇ ಒಂದು ಸಂಭ್ರಮ. ಮುಂದಿನ ತುದಿ ಲೋಕೇಶನ ಕೈಯಲ್ಲಿ, ಹಿಂದಿನ ತುದಿ ಹುಸೇನಣ್ಣನ ಕೈಯಲ್ಲಿ, ಮಧ್ಯದಲ್ಲಿ ಸಿಕ್ಕಿಕೊಂಡವನು ಕಂಡಕ್ಟರು. ಅವನು ಇದೇನು ಮನೆಯ ತೊಲೆಯೋ ಎಂದು ಗೊಣಗುತ್ತಾ ಅದರಡಿಯಲ್ಲೇ ನುಸುಳಿ ಟಿಕೇಟು ಕೊಟ್ಟ. ಚನ್ನಪಟ್ಟಣದಲ್ಲಿ ಇಳಿದಾಗ ಹುಸೇನಣ್ಣ ಹೇಳಿದರು: "ಶುಕ್ರವಾರ ನಮಾಜು ಮುಗಿಸ್ಕೊಂಡು ಷೆಡ್ಡಿಗೆ ಬತ್ತೀನಿ. ಬೋಣಿ ಮಾಡ್ಕೊಟ್ಟು, ಬೀಗದ ಕೈ ನಿಂಗೆ ಒಪ್ಪಿಸಿಬುಡ್ತೀನಿ. ಆಮೇಲೆ ನೀನುಂಟು, ನಿನ್ನ ಕೆಲಸ ಉಂಟು."

ಲೋಕೇಶ ಗರಗಸವನ್ನೂ ಪಟ್ಟಿಯನ್ನೂ ಮನೆಗೇ ಒಯ್ದ. ಬುಧವಾರವೆಲ್ಲ ಅದರದೇ ಯೋಚನೆ. ಈ ಗರಗಸದಿಂದ ಸಲೀಸಾಗಿ ಒಂದು ಹಲಗೆ ಕೊಯ್ದುಬಿಟ್ಟರೆ ಹುಸೇನಣ್ಣನ ಮನಸ್ಸು ತಿರುಗೀತು ಎಂದು ಅವನ ಆಸೆ. ಆದರೆ ಬೋಣಿಯಲ್ಲೇ ಕೈ ನಡುಗಿ, ರಬ್ಬರು ಕೆಟ್ಟು, ಹೊಸ ಪಟ್ಟಿಯ ಮೇಲೆ ಆ ಗುರುತು ಉಳಿದುಬಿಟ್ಟರೆ? ಇಷ್ಟು ಮನೆಗಳಿಗೆ ಬಾಗಿಲು ನಿಲ್ಲಿಸಿದ ಮನುಷ್ಯ ಕಡೆಗೆ ಅದೊಂದನ್ನೇ ನೆನೆಯುತ್ತಾ ಮನೆಯಲ್ಲಿ ಕೂತುಬಿಟ್ಟರೆ?

ಗುರುವಾರ ಬೆಳಿಗ್ಗೆ ಭಾನುಪ್ರಿಯ ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಅವನು ಕೊಟ್ಟಿಗೆಯ ಪಕ್ಕ ಹಲಗೆ ಹಾಸಿ, ಪಟ್ಟಿ ಇಟ್ಟು, ಗರಗಸಕ್ಕೆ ವೈರು ಸಿಕ್ಕಿಸಿದ್ದ.

"ಸಾಬ್ರು ಬಂದು ಬೋಣಿ ಮಾಡೋಗಂಟ ಕಾಯಕ್ಕಾಗಲ್ವಾ ನಿಮ್ಗೆ?" ಎಂದಳು ಅವಳು, ಕ್ಯಾನು ಕೆಳಗಿಡುತ್ತಾ.

"ಅವರ ಕೈ ಅಲ್ಲಾಡಿ ಏನಾರ ಕೆಟ್ರೆ ಅವತ್ತೇ ಬುಟ್ಬುಡ್ತಾರೆ ಭಾನು. ರಬ್ಬರು ನಾನೇ ಕೊಯ್ದಿಟ್ರೆ, ನಾಳೆ ಅವ್ರು ಸುಮ್ನೆ ಮೇಲೆ ಓಡಿಸ್ತಾರೆ. ಬ್ಲೇಡು ರಬ್ಬರಿಗೆ ತಾಗಕಿಲ್ಲ. ಗೊತ್ತೂ ಆಗಕಿಲ್ಲ."

"ಅವ್ರಿಗೆ ಗೊತ್ತಾಗಕಿಲ್ವಾ?" ಎಂದಳು. ಅವಳ ದನಿಯಲ್ಲಿದ್ದ ಅನುಮಾನ ಅವನಿಗೆ ಹಿಡಿಸಲಿಲ್ಲ.

ಹಿಡಿ ಒತ್ತಿದ. ಗರಗಸ ಹೊರಟಿತು. ಎಷ್ಟೋ ಮನೆಯ ಮರ ಕೊಯ್ದವನಿಗೆ ಆ ಬೆಳಿಗ್ಗೆ ಕಳ್ಳನ ಎದೆ. ನಡುದಾರಿಯಲ್ಲಿ ಗರಗಸದ ತಳ ಲಟಲಟ ಎಂದಿತು, ಅವನು ಬೆಚ್ಚಿ ಕೈ ತಡೆದ, ಮತ್ತೆ ತಳ್ಳಿದ. ಕೊನೆಗೆ ರಬ್ಬರಿನ ಎಳೆ ಕಿತ್ತು ಬಿತ್ತು. ತಡೆದ ಜಾಗದಲ್ಲಿ ಅಂಚು ಚೂರೇ ಚೂರು ಒಳಕ್ಕೆ ಕಚ್ಚಿದಂತೆ ಕಂಡಿತು. ಹುಸೇನಣ್ಣನ ಕಣ್ಣು ಈಗ ಮೊದಲಿನಂತಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ.

ಶುಕ್ರವಾರ ಹುಸೇನಣ್ಣ ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಟೋಪಿ ಹಾಕಿಕೊಂಡು ಷೆಡ್ಡಿಗೆ ಬಂದರು. ಅತ್ತರು ಎಂದಿಗಿಂತ ಜಾಸ್ತಿಯೇ ಘಮಘಮಿಸುತ್ತಿತ್ತು. ಮಾಗಡಿ ಮನೆಯ ಮೊದಲ ಹಲಗೆ ಮೇಜಿನ ಮೇಲೆ ತಯಾರಿತ್ತು. ಲೋಕೇಶ ಅದರ ಮೇಲೆ ಪಟ್ಟಿ ಇಟ್ಟ. ಊದುಬತ್ತಿ, ಕುಂಕುಮ ಪಕ್ಕದಲ್ಲಿಟ್ಟುಕೊಂಡು, "ಆಗ್ಲಿ ಅಣ್ಣ, ಶುರು ಮಾಡಿ" ಎಂದ.

ಹುಸೇನಣ್ಣ ಗರಗಸ ಮುಟ್ಟಲಿಲ್ಲ. ಪಟ್ಟಿಯ ಈ ತುದಿಯಿಂದ ಆ ತುದಿಗೆ ಬೆರಳಾಡಿಸುತ್ತಾ ನಡೆದರು. ಬೊಂಬೆ ಕಡೆಯುವವರು ಗುಂಡಗಾಯಿತೋ ಇಲ್ಲವೋ ಎಂದು ನೋಡುವುದು ಕಣ್ಣಿನಿಂದಲ್ಲ ಎಂಬುದನ್ನು ಲೋಕೇಶ ಹೇಗೆ ಮರೆತನೋ. ನಡುಭಾಗಕ್ಕೆ ಬಂದಾಗ ಬೆರಳು ನಿಂತಿತು. ಒಂದು ಸಲ ಹಿಂದಕ್ಕೆ ಹೋಗಿ, ಮತ್ತೆ ಅಲ್ಲೇ ನಿಂತಿತು.

"ಬೋಣಿ ಆಗೋಗೈತೆ" ಎಂದರು.

ಲೋಕೇಶ ಸುಳ್ಳು ಹುಡುಕಿದ. ಸಿಗಲಿಲ್ಲ. "ನಾನೇ ಅಣ್ಣ" ಎಂದ.

"ಯಾಕ್ಲಾ?"

"ನಿಮ್ಮ ಕೈ..." ಎಂದ ಲೋಕೇಶ.

ಹುಸೇನಣ್ಣ ಟೋಪಿ ತೆಗೆದು ಮಡಚಿದರು. ಬಾಗಿಲ ಬಳಿ ಹೋಗಿ ಬೀದಿ ನೋಡುತ್ತಾ ನಿಂತರು. ಎಲ್ಲ ಮುಗಿಯಿತು ಎಂದುಕೊಂಡ ಲೋಕೇಶ. ಕೈಯಾರೆ ಮುಗಿಸಿದೆ. ಈಗ ಬೀಗದ ಕೈ ತೆಗೆದು ಕೊಡುತ್ತಾರೆ, ತಾನು ಅದನ್ನು ಇಸಿದುಕೊಳ್ಳಬೇಕು.

ಬಾಗಿಲ ಕಡೆಯಿಂದ ಸಣ್ಣಗೆ ನಗು ಕೇಳಿಸಿತು.

"ಅಲ್ಲ ಕಣ್ಲಾ, ನಡೂವೆ ಅಷ್ಟು ಕಚ್ಚೈತಲ್ಲ. ನಿನ್ನ ಕೈಯೂ ನಡುಗ್ತದಾ?" ಎಂದು ಹುಸೇನಣ್ಣ ತಿರುಗಿದರು. "ತಳದಲ್ಲಿರೋ ಎರಡು ತಿರುಪು ಬಿಗಿ ಮಾಡ್ದೆ ಓಡಿಸಿದ್ರೆ ಲಟಲಟ ಅಂತದೆ ಅಂತ ಆ ಹುಡುಗಿ ಅಷ್ಟೊತ್ತು ಹೇಳಿದ್ಲು. ಅವಾಗ ಎಲ್ಲಿತ್ತು ನಿನ್ನ ಗ್ಯಾನ?"

"ನಿಮ್ಮ ಕೈ ನೋಡ್ತಾ ಇದ್ದೆ ಅಣ್ಣ" ಎಂದ ಲೋಕೇಶ.

ಹುಸೇನಣ್ಣನ ನಗು ನಿಂತಿತು. ಅವರು ಕನ್ನಡಕ ತೆಗೆದು ಜುಬ್ಬದ ಅಂಚಿನಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ಬಂದು ಸ್ಟೂಲಿನ ಮೇಲೆ ಕೂತು, ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಮಂಗಳವಾರದ ಅದೇ ಪೊಟ್ಟಣ. ಲೋಕೇಶ ಬಿಚ್ಚಿದ. ಒಳಗೆ ಮೊಳೆ ಇರಲಿಲ್ಲ. ಪಟ್ಟಿಯ ಅಂಚಿಗೆ ಅಂಟಿಸುವ ಹೊಸ ಕಪ್ಪು ರಬ್ಬರು ಸುರುಳಿಯಾಗಿ ಕೂತಿತ್ತು.

"ನಾನು ಹಿಂಗೆ ಮಾಡ್ತೀನಿ ಅಂತ ನಿಮ್ಗೆ ಅವತ್ತೇ ಗೊತ್ತಿತ್ತಾ?"

"ನೀನು ಮಾಡೋದೆಲ್ಲ ನಂಗೆಲ್ಲಿ ಗೊತ್ತಾಯ್ತದೆ" ಎಂದರು ಹುಸೇನಣ್ಣ. "ಇದು ನಂಗೆ ಅಂತ ತಂದಿದ್ದು. ಬೋಣೀಲಿ ನಾನೇ ಕೆಡಿಸಿಬುಟ್ರೆ, ನಿನ್ನ ಟೀ ತರಕ್ಕೆ ಕಳಿಸಿ, ಬರೋವಷ್ಟರಲ್ಲಿ ಹೊಸದು ಅಂಟಿಸಿಬುಡಾನ ಅಂತಿದ್ದೆ. ನನ್ನ ಕೈ ಮೇಲೆ ನಂಗೂ ನಂಬಿಕೆ ಇರ್ಲಿಲ್ಲ ಕಣ್ಲಾ ಲೋಕ. ನೀನು ನೋಡ್ಬುಡ್ತೀಯಲ್ಲ ಅಂತ ಭಯ."

"ನಾನು ನೋಡಿದ್ರೆ ಏನಣ್ಣ?"

"ಬೇರೆ ಯಾರು ನೋಡಿದ್ರೂ ತಡ್ಕತಿದ್ದೆ."

ಲೋಕೇಶನಿಗೆ ಅಳು ಬಂತು, ನಗುವೂ ಬಂತು; ಎರಡರಲ್ಲಿ ಯಾವುದನ್ನೂ ತಡೆಯಲಿಲ್ಲ. ಹುಸೇನಣ್ಣ ನೋಡದವರಂತೆ ಕೆಟ್ಟ ರಬ್ಬರನ್ನು ಉಗುರಿನಿಂದ ಎಬ್ಬಿಸತೊಡಗಿದರು. ಒಂದು ತುದಿಯಿಂದ ಅವರು ಕಿತ್ತರು, ಇನ್ನೊಂದು ತುದಿಯಿಂದ ಇವನು. ಅಂಟು ಒರೆಸಿ, ಹೊಸದನ್ನು ಇಬ್ಬರೂ ಸೇರಿ ನೇರಕ್ಕೆ ಅಂಟಿಸಿದರು. ಹುಸೇನಣ್ಣ ಗರಗಸವನ್ನು ಪಟ್ಟಿಯ ಮೇಲೆ ಕೂರಿಸಿ ಎರಡೂ ತಿರುಪು ತಿರುಗಿಸಿದರು. ಹಿಂದೆ ಮುಂದೆ ಎಳೆದು ನೋಡಿದರು. ಲಟಲಟ ಹೋಗಿತ್ತು.

"ಬಿಸ್ಮಿಲ್ಲಾ" ಎಂದರು.

ಅವರ ಎರಡೂ ಕೈ ಹಿಡಿಯ ಮೇಲೆ ಹೋದವು. ನಡುಗುತ್ತಲೇ ಹೋದವು. ಲೋಕೇಶನ ಕೈ ತಾನಾಗಿ ಮುಂದೆ ಬಂತು, ಹೋಗಿ ಹಿಡಿದುಬಿಡೋಣ ಎಂಬಂತೆ. ಅವನು ಅದನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡ. ಬ್ಲೇಡು ಸುತ್ತಲು ಶುರುವಾಯಿತು, ವೇಗ ಹಿಡಿಯಿತು, ಮೆಲ್ಲಗೆ ಕೆಳಗಿಳಿಯಿತು. ಹುಸೇನಣ್ಣ ತಳ್ಳುತ್ತಾ ನಡೆದರು. ಮೊಣಕೈಯಲ್ಲಿ ನಡುಕವಿತ್ತು, ಭುಜದಲ್ಲೂ ಇತ್ತು. ಗರಗಸದಲ್ಲಿ ಇರಲಿಲ್ಲ. ಎಲ್ಲೂ ನಿಲ್ಲದೆ, ಒಂದೇ ಸಮ, ಆ ತುದಿ ತಲುಪಿತು. ಕಪ್ಪು ರಬ್ಬರಿನ ಎಳೆ ಉದ್ದಕ್ಕೂ ಬಿಡಿಸಿಕೊಂಡು ನೆಲಕ್ಕೆ ಬಿತ್ತು.

ಹುಸೇನಣ್ಣ ಗರಗಸ ಆರಿಸಿ, ಪಟ್ಟಿಯ ಅಂಚಿಗೆ ಬೆರಳಿಟ್ಟು ಹಿಂದಕ್ಕೆ ನಡೆದುಬಂದರು. ಬೆರಳು ಎಲ್ಲೂ ನಿಲ್ಲಲಿಲ್ಲ. ಇನ್ನು ಮುಂದೆ ಆ ಪಟ್ಟಿಯಿಂದ ಕೊಯ್ಯುವ ಪ್ರತಿ ಬಾಗಿಲೂ ಅವರು ಹಾಕಿಕೊಟ್ಟ ಅಂಚಿನ ಗುಂಟವೇ ಹೋಗಬೇಕು. ಲೋಕೇಶ ಕುಂಕುಮ ಇಡಲು ಬಗ್ಗಿದ.

"ಮೊದ್ಲು ಆ ಬ್ಯಾಂಡೇಜು ಬಿಚ್ಲಾ" ಎಂದರು ಹುಸೇನಣ್ಣ. "ಮಂಗಳವಾರ ಬಲಗೈಲಿತ್ತು, ಇವತ್ತು ಎಡಗೈಗೆ ಬಂದೈತೆ. ನೋಡಿ ನೋಡಿ ನಂಗೇ ನಾಚಿಕೆ ಆಯ್ತದೆ."

ಲೋಕೇಶ ಬಿಚ್ಚಿದ. ಬಿಚ್ಚಿ, ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ತಲೆ ತಗ್ಗಿಸಿ ನಿಂತ. ಉಳಿದಿದ್ದು ಬೀಗದ ಕೈಯ ವಿಷಯ. ಹುಸೇನಣ್ಣ ಜೇಬಿನಿಂದ ಬೀಗದ ಕೈ ತೆಗೆದರು ಕೂಡ. ಅಂಗೈಯಲ್ಲಿಟ್ಟುಕೊಂಡು, ಮೇಜಿನ ತುಂಬ ಮಲಗಿದ್ದ ಆ ಉದ್ದದ ಪಟ್ಟಿಯನ್ನು ನೋಡಿದರು.

"ಮಾಗಡಿಗೆ ಇದನ್ನ ಹೆಂಗ್ಲಾ ಒಯ್ತೀಯ?" ಎಂದರು.

"ಬಸ್ಸಲ್ಲೇ ಅಣ್ಣ."

"ಒಬ್ನೇ?"

ಲೋಕೇಶ ಪಟ್ಟಿಯ ಒಂದು ತುದಿ ಎತ್ತಿದ, ಇನ್ನೊಂದು ತುದಿ ಮೇಜಿನ ಮೇಲೇ ಉಳಿಯಿತು.

"ಒಬ್ಬನ ಕೈಲಿ ಆಗೋ ಸಾಮಾನಲ್ಲ ಇದು. ನಾನೇ ತಾನೆ ಉದ್ದದ್ದು ಬೇಕು ಅಂದೋನು" ಎಂದು ಹುಸೇನಣ್ಣ ಬೀಗದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. "ನಾಳೆ ಬೆಳಿಗ್ಗೆ ಸ್ಟ್ಯಾಂಡಿಗೆ ಬತ್ತೀನಿ. ಒಂದು ತುದಿ ನಾನು ಹಿಡ್ಕತೀನಿ."